ಜಾಂಗೀಫನ ಹಿಡಿತ

ಜಾಂಗೀಫ್ ಎದುರಾಳಿಯನ್ನು ಹಿಡಿಯುವ ಕ್ಷಣದಲ್ಲಿ ಆಟವನ್ನು ನಿಲ್ಲಿಸಿ ನೋಡಿ. ಎಷ್ಟೋ ಸಲ ಅವನ ಕೈ ಎದುರಾಳಿಗೆ ತಾಗಿರುವುದೇ ಇಲ್ಲ, ನಡುವೆ ಜಾಗ ಇರುತ್ತದೆ. ಮರುಕ್ಷಣ ನೋಡಿದರೆ ಆಸಾಮಿ ಅವನ ತೆಕ್ಕೆಯಲ್ಲಿ. ಇದು ಹೇಗೆ ಎನ್ನುವುದು ನನ್ನ ಪ್ರಬಂಧದ ವಿಷಯವಲ್ಲ. ಆದರೂ ಈ ವರ್ಷ ಪ್ರಬಂಧಕ್ಕಿಂತ ಹೆಚ್ಚು ಇದನ್ನೇ ಯೋಚಿಸಿದ್ದೇನೆ.

ಕ್ಯಾಪ್‌ಕಾಮ್ ಕಂಪನಿಯ 'ಸ್ಟ್ರೀಟ್ ಫೈಟರ್ 2' ಬಂದದ್ದು 1991ರಲ್ಲಿ. ಸೋವಿಯತ್ ಒಕ್ಕೂಟ ಮುಗಿದು ಹೋದದ್ದೂ ಅದೇ ವರ್ಷ. ಕೆಂಪು ಚಡ್ಡಿಯ, ಮೈತುಂಬ ಕರಡಿಯ ಜೊತೆ ಸೆಣಸಿದ ಗಾಯದ ಗುರುತುಗಳಿರುವ ಈ ಸೋವಿಯತ್ ಪೈಲ್ವಾನ ಮಾತ್ರ ಉಳಿದುಕೊಂಡ. 2023ರ 'ಸ್ಟ್ರೀಟ್ ಫೈಟರ್ 6'ರಲ್ಲೂ ಇದ್ದಾನೆ. ಅವನ ಹೆಸರಾಂತ ಪಟ್ಟು ಸ್ಪಿನ್ನಿಂಗ್ ಪೈಲ್‌ಡ್ರೈವರ್. ಎದುರಾಳಿಯನ್ನು ತಲೆಕೆಳಗಾಗಿ ಹಿಡಿದು, ಮೇಲಕ್ಕೆ ನೆಗೆದು, ಬುಗುರಿಯಂತೆ ತಿರುಗುತ್ತ ನೆಲಕ್ಕೆ ಕುಟ್ಟುವುದು. ಇದಕ್ಕೆ ಕೋಲನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಗುದ್ದಿನ ಬಟನ್ ಒತ್ತಬೇಕು. ತೊಂದರೆ ಏನೆಂದರೆ ಆ ಸುತ್ತಿನಲ್ಲಿ 'ಮೇಲೆ' ಎಂಬ ದಿಕ್ಕೂ ಬರುತ್ತದೆ, ಮೇಲೆ ಎಂದರೆ ಜಿಗಿತ. ಆದರೆ ಜಿಗಿಯುವ ಮೊದಲು ಮಂಡಿ ಬಗ್ಗುವ ನಾಲ್ಕೈದು ಫ್ರೇಮ್‌ಗಳಿವೆ. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಅಷ್ಟರೊಳಗೆ ಬಟನ್ ಬಿದ್ದರೆ ಪಟ್ಟು, ಇಲ್ಲದಿದ್ದರೆ ಪೆದ್ದನ ಹಾಗೆ ಗಾಳಿಯಲ್ಲಿ.

ನನ್ನ ರೂಮ್‌ಮೇಟ್ ಕುಂದಾಪುರದ ಕಡೆಯವನು. ಅವನು ಆಡುವುದೆಂದರೆ ಮೂಲೆಯಲ್ಲಿ ಕೂತು ಎಲ್ಲ ಏಟನ್ನೂ ತಡೆಯುವುದು. ತಾಳ್ಮೆಯಲ್ಲಿ ಅವನನ್ನು ಮೀರಿಸುವವರಿಲ್ಲ. ಈ ಬಗೆಯ ಆಟಗಳ ಒಳಗಿನ ಲೆಕ್ಕ ಸರಳ: ತಡೆ ಏಟನ್ನು ಗೆಲ್ಲುತ್ತದೆ, ಹಿಡಿತ ತಡೆಯನ್ನು ಗೆಲ್ಲುತ್ತದೆ, ಏಟು ಹಿಡಿತವನ್ನು. ಹಾಗಾಗಿ ಅವನಿಗೆ ಜಾಂಗೀಫನನ್ನು ಕಂಡರೆ ಆಗದು. "ಅವನ ಕೈ ತಾಗಲೇ ಇಲ್ಲ ಮಾರಾಯ, ನೀನೇ ನೋಡು" ಎನ್ನುತ್ತಾನೆ. ಒಂದು ರಾತ್ರಿ ಅಭ್ಯಾಸದ ಮೋಡ್‌ನಲ್ಲಿ ಎದುರಾಳಿಯನ್ನು ನಿಲ್ಲಿಸಿ, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ಅಳೆದೆವು. ಹಗುರ ಗುದ್ದಿನ ಬಟನ್‌ನಿಂದ ಹಿಡಿದರೆ ಹೆಚ್ಚು ದೂರ ನಿಲುಕುತ್ತದೆ, ಪೆಟ್ಟು ಕಡಿಮೆ. ಭಾರಿ ಗುದ್ದಿಗೆ ಪೆಟ್ಟು ಜಾಸ್ತಿ, ನಿಲುಕು ಕಡಿಮೆ. ಕೈ ಮಾತ್ರ ಎರಡರಲ್ಲೂ ಅಷ್ಟೇ ಉದ್ದದ್ದು!

ಯಂತ್ರದ ಕಡೆಯಿಂದ ಉತ್ತರ ಸುಲಭ. ಯಂತ್ರ ಕೈಯನ್ನು ನೋಡುವುದಿಲ್ಲ. ಅವನ ಮುಂದೆ ಕಾಣದ ಒಂದು ಚೌಕವಿದೆ, ಎದುರಾಳಿಯ ಮೈ ಸುತ್ತ ಇನ್ನೊಂದು. ಎರಡೂ ಒಂದರ ಮೇಲೊಂದು ಬಿದ್ದರೆ ಹಿಡಿದಂತೆ. ಚಿತ್ರ ಆಮೇಲೆ ಓಡಿ ಬಂದು ಸೇರಿಕೊಳ್ಳುತ್ತದೆ. ನನಗೆ ಇಷ್ಟು ಸಾಲದು. ನನ್ನ ಊಹೆ ಬೇರೆ: ಜಾಂಗೀಫ್ ಕೈ ಚಾಚುವುದಿಲ್ಲ, ಒಂದು ಹೆಜ್ಜೆ ಮುಂದಿಡುತ್ತಾನೆ. ಆ ಹೆಜ್ಜೆಯ ಚಿತ್ರವನ್ನು ಬರೆದಿಲ್ಲ, ಅಷ್ಟೇ. ಬರೆದಿದ್ದರೆ ಎದುರಿನವನು ಅದನ್ನು ಕಂಡು ಜಿಗಿದುಬಿಡುತ್ತಿದ್ದ. ನೆಲ ಬಿಟ್ಟವನನ್ನು ಈ ಪಟ್ಟು ಹಿಡಿಯಲಾರದು. ಹಗುರ ಗುದ್ದಿನಲ್ಲಿ ಹೆಜ್ಜೆ ಉದ್ದ, ಅವಸರದ ಹಿಡಿತ, ಅದಕ್ಕೇ ಪೆಟ್ಟು ಕಡಿಮೆ. ಭಾರಿ ಗುದ್ದಿನಲ್ಲಿ ಕಾಲೂರಿ ನಿಂತು ಹಿಡಿಯುತ್ತಾನೆ. ಲೆಕ್ಕ ಸರಿಹೋಗುತ್ತದೆ.

ಗಾಳಿಯಲ್ಲಿ ತಿರುಗುವುದು ಮಾತ್ರ ಯಾವ ಊಹೆಗೂ ಬಗ್ಗುವುದಿಲ್ಲ. ಕಾಲು ನೆಲ ಬಿಟ್ಟ ಮೇಲೆ ಹೊಸದಾಗಿ ತಿರುಗಲು ಒದೆಯುವುದಕ್ಕೆ ಏನೂ ಇರುವುದಿಲ್ಲ. ತಿರುಗನ್ನೆಲ್ಲ ನೆಗೆಯುವಾಗಲೇ ನೆಲದಿಂದ ಪಡೆದಿರಬೇಕು, ಅದೂ ಇಬ್ಬರ ತೂಕಕ್ಕೆ ಸಾಲುವಷ್ಟು. ಭೌತಶಾಸ್ತ್ರ ವಿಭಾಗದ ಗೆಳತಿಗೆ ತೋರಿಸಿದೆ. ಅವಳು ಚಹಾ ಮುಗಿಸಿ ಎದ್ದು ಹೋದಳು.

ರೂಮ್‌ಮೇಟ್‌ನ ನಿಜವಾದ ತಕರಾರು ದೂರದ್ದಲ್ಲ ಎಂದು ನನಗೆ ತಡವಾಗಿ ಹೊಳೆಯಿತು. ಹಿಡಿತ ಬಿದ್ದ ಮೇಲೆ ಎರಡೂ ಪಾತ್ರಗಳು ಒಂದೇ ಬರಹದ ಅಧೀನ. ಸಿಕ್ಕಿಬಿದ್ದವನ ದೇಹ ಎಲ್ಲಿರಬೇಕು, ಯಾವ ಕಡೆ ವಾಲಬೇಕು ಎಂಬುದೆಲ್ಲ ಮೊದಲೇ ನಿಗದಿ. ಮಾಮೂಲಿ ಹಿಡಿತವನ್ನಾದರೆ ಸರಿಯಾದ ಹೊತ್ತಿಗೆ ಬಟನ್ ಒತ್ತಿ ಬಿಡಿಸಿಕೊಳ್ಳಬಹುದು, ಇದನ್ನು ಆಗದು. ಆಗೆಲ್ಲ ಅವನು ಕಂಟ್ರೋಲರನ್ನು ಹಾಸಿಗೆಯ ಮೇಲಿಟ್ಟು ಕೈಕಟ್ಟಿ ಕೂರುತ್ತಾನೆ. ಅವನ ಫೆಲೋಶಿಪ್ ನಿಂತು ಎಂಟು ತಿಂಗಳಾಯಿತು. ಮೂರನೆಯ ಅಧ್ಯಾಯ ನಾಲ್ಕನೇ ಸಲ ತಿದ್ದುಪಡಿಗೆ ವಾಪಸ್ ಬಂದಿದೆ. "ನಾನು ಯಾರಿಗೂ ಏನೂ ಮಾಡದೆ ಕೂತವ. ನನ್ನನ್ನು ಎಂತಕ್ಕೆ ಹಿಡಿಯುವುದು?" ಎಂದು ಅವನು ಕೇಳಿದ್ದು ಆಟದ ಬಗ್ಗೆಯೇ ಎಂದುಕೊಂಡಿದ್ದೆ.

ನಿಜವಾದ ವೃತ್ತಿಪರ ಕುಸ್ತಿಯ ಪೈಲ್‌ಡ್ರೈವರ್ ಬಗ್ಗೆ ಅವನಿಗೆ ಹೇಳಿದೆ. ಅಲ್ಲಿ ಹೊಡೆಯುವವನು ಕೂತ ಭಂಗಿಯಲ್ಲಿ ಬೀಳುತ್ತಾನೆ, ಪೆಟ್ಟು ಅವನ ತೊಡೆ, ಪೃಷ್ಠಗಳಿಗೇ. ತಲೆಕೆಳಗಾದವನ ತಲೆ ಅವನ ತೊಡೆಗಳ ನಡುವೆ, ನೆಲಕ್ಕೆ ತಾಗದಷ್ಟು ಮೇಲೆ ಇರಬೇಕು. ಕೆಳಗಿನವನು ಅವನ ಕಾಲನ್ನು ಹಿಡಿದು, ಕತ್ತು ಒಳಗೆಳೆದುಕೊಂಡು ಸಹಕರಿಸದಿದ್ದರೆ ಪಟ್ಟು ಕೂಡುವುದಿಲ್ಲ. ಹಿಡಿತ ಒಂದಿಷ್ಟು ಜಾರಿದರೂ ಕುತ್ತಿಗೆ ಹೋಗುತ್ತದೆ.

ಅವನು ಸ್ವಲ್ಪ ಹೊತ್ತು ಪರದೆ ನೋಡಿದ. "ಅಂದರೆ ಬೀಳುವವನಿಗೂ ಕೆಲಸ ಉಂಟು" ಎಂದ. ಮುಂದಿನ ತಿಂಗಳು ಊರಿಗೆ ಹೋಗುತ್ತಾನಂತೆ, ಅಣ್ಣನ ಅಂಗಡಿ ನೋಡಿಕೊಳ್ಳಲು. ಥೀಸಿಸ್‌ನ ಪೆಟ್ಟಿಗೆ ಕಟ್ಟಿದ್ದಾನೆ, ಎಲ್ಲಿಗೆ ಎಂದು ಹೇಳಿಲ್ಲ. ಈಗಲೂ ರಾತ್ರಿ ಆಡುತ್ತೇವೆ. ಎರಡು ವಾರದಿಂದ ಅವನು ಮೂಲೆಯಲ್ಲಿ ಕೂರುವುದನ್ನು ಬಿಟ್ಟು, ನಾನು ಹತ್ತಿರ ಬಂದ ಕೂಡಲೇ ಜಿಗಿಯುತ್ತಿದ್ದಾನೆ. ಹೆಚ್ಚಿನ ಸಲ ತುಸು ಬೇಗ. ನೆಲಕ್ಕೆ ಬರುವ ಹೊತ್ತಿಗೆ ನಾನು ಅಲ್ಲೇ ಇರುತ್ತೇನೆ.