ಇರಲು ಅಪ್ಪಣೆ, ದುಡಿಯಲು ಇಲ್ಲ

ಅಪ್ಪನಿಗೆ ಲಕ್ವಾ ಹೊಡೆದ ಸುದ್ದಿ ಬಂದಾಗ ನಾವು ಓಹಿಯೋದಲ್ಲಿದ್ದೆವು. ಅದು 2016. ಮದುವೆಯಾಗಿ ಒಂದು ವರ್ಷವಾಗಿತ್ತು. ನಾನು ಭಾರತದ ಪಾಸ್‌ಪೋರ್ಟ್ ಬಿಟ್ಟಿರಲಿಲ್ಲ. ನಮ್ಮ ಮನೆಯವರು ಹುಟ್ಟಿ ಬೆಳೆದದ್ದೆಲ್ಲ ಅಮೆರಿಕದಲ್ಲೇ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರು. ಅವ್ವ ತೀರಿಕೊಂಡ ಮೇಲೆ ಅಪ್ಪ ಧಾರವಾಡದ ಸಪ್ತಾಪುರದ ಮನೆಯಲ್ಲಿ ಒಬ್ಬರೇ ಇದ್ದರು. ಅಲ್ಲಿಗೇ ಹೋಗಿ ಇರೋಣ ಎಂದು ಮೊದಲು ಬಾಯಿ ಬಿಟ್ಟವರು ನಮ್ಮ ಮನೆಯವರೇ. ನನಗೆ ಹೇಳುವ ಧೈರ್ಯ ಇರಲಿಲ್ಲ.

ಭಾರತೀಯರನ್ನು ಮದುವೆಯಾದ ವಿದೇಶಿಯರಿಗೆ ಎಂಟ್ರಿ ವೀಸಾ ಸಿಗುತ್ತದೆ. ಎಕ್ಸ್ ವೀಸಾ ಅಂತಾರೆ. ಅದು 180 ದಿನಕ್ಕಿಂತ ಹೆಚ್ಚಿನದಾದರೆ ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ನೋಂದಣಿ ಆಗಬೇಕು. ಈಗ ಅದನ್ನು ಇ-ಎಫ್‌ಆರ್‌ಆರ್‌ಒ ಎಂಬ ಆನ್‌ಲೈನ್ ಸೇವೆಯ ಮೂಲಕ ಮನೆಯಲ್ಲೇ ಕೂತು ಮಾಡಬಹುದು, ಆದರೆ ಆ ವ್ಯವಸ್ಥೆ ಬಂದದ್ದು 2018ರಲ್ಲಿ. ನಮಗೆ ಕಾಗದದ ಕಟ್ಟು ಹಿಡಿದು ಓಡಾಡುವುದೇ ದಾರಿ. ಮದುವೆ ನೋಂದಣಿ ಪತ್ರ, ಅದರ ಮೇಲೆ ಅಪೊಸ್ಟೈಲ್ ಮುದ್ರೆ, ಮನೆಯ ಲೈಟ್ ಬಿಲ್, ಅಪ್ಪನ ಒಪ್ಪಿಗೆ ಪತ್ರ. ಬಲಗೈ ಸ್ವಾಧೀನದಲ್ಲಿಲ್ಲದ ಅಪ್ಪ ಎಡಗೈಯಿಂದ ಮಾಡಿದ ಸಹಿಯನ್ನು ಒಂದು ಕಚೇರಿಯಲ್ಲಿ ಒಪ್ಪಲಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡು ಬನ್ನಿ ಎಂದರು. ನಲವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ಮನುಷ್ಯ ಅವರು. ಆ ದಿನ ಅವರ ಮುಖ ನೋಡುವುದು ನನ್ನಿಂದಾಗಲಿಲ್ಲ.

ಕಾಗದಗಳೆಲ್ಲ ಸರಿಹೋದ ಮೇಲೆ ಅಲ್ಲಿದ್ದ ಹಿರಿಯ ಗುಮಾಸ್ತರೊಬ್ಬರು ನನ್ನನ್ನು ಬದಿಗೆ ಕರೆದು ಹೇಳಿದರು: "ಅಕ್ಕಾರ, ನಿಮ್ಮ ಮನಿಯವ್ರು ಇಲ್ಲೇ ಇರಬಹುದ್ರಿ. ಆದ್ರ ಪಗಾರದ ಕೆಲಸ ಮಾಡಂಗಿಲ್ಲ. ಮೊದಲ ತಿಳಕೊಂಡಿರ್ರಿ." ಆ ಮಾತಿಗಾಗಿ ಅವರನ್ನು ಇವತ್ತಿಗೂ ನೆನೆಯುತ್ತೇನೆ. ಬೇರೆ ಯಾರೂ ಅಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಧಾರವಾಡದಲ್ಲಿ ಮಾಸ್ತರಿಗೆ ಕೆಲಸಕ್ಕೆ ಬರವೇ? ಹತ್ತಿರದ ಶಾಲೆಯೊಂದು ತಾನಾಗಿ ಕರೆಯಿತು. ಆದರೆ ವಿದೇಶಿಯರು ಇಲ್ಲಿ ದುಡಿಯಬೇಕೆಂದರೆ ಎಂಪ್ಲಾಯ್‌ಮೆಂಟ್ ವೀಸಾ ಬೇಕು, ಅದಕ್ಕೆ ಆಗ ವರ್ಷದ ಸಂಬಳ ಕನಿಷ್ಠ 25,000 ಡಾಲರ್ ಇರಬೇಕಿತ್ತು. ನಮ್ಮ ಊರಿನ ಯಾವ ಖಾಸಗಿ ಶಾಲೆ ವಿಜ್ಞಾನದ ಮಾಸ್ತರಿಗೆ ಅಷ್ಟು ಕೊಟ್ಟೀತು? ತಮ್ಮ ದೇಶದ ಅಡುಗೆ ಮಾಡುವ ಬಾಣಸಿಗರಿಗೆ, ಭಾಷೆ ಕಲಿಸುವವರಿಗೆ ಈ ಮಿತಿಯಿಂದ ವಿನಾಯಿತಿ ಇತ್ತು. ಭಾಷೆ ಎಂದರೂ ಅದರಲ್ಲಿ ಇಂಗ್ಲಿಷ್ ಸೇರಿರಲಿಲ್ಲ. ಸಂಬಳವಿಲ್ಲದೆ ಕಲಿಸುತ್ತೇನೆ ಎಂದರು ಇವರು. ಅದೂ ವೀಸಾದ ಉದ್ದೇಶಕ್ಕೆ ಹೊರತು, ತಪ್ಪಾದರೆ ದೇಶ ಬಿಡಬೇಕಾಗುತ್ತದೆ ಎಂದು ಶಾಲೆಯವರೇ ಹಿಂದೆ ಸರಿದರು.

ಸುಮಾರು ಎರಡು ವರ್ಷ ಅವರು ಮನೆಯಲ್ಲೇ ಇದ್ದರು. ಅಪ್ಪನಿಗೆ ಸ್ನಾನ ಮಾಡಿಸಿದರು, ಊಟ ಮಾಡಿಸಿದರು, ಸತ್ತೂರಿನ ಆಸ್ಪತ್ರೆಗೆ ಕರೆದೊಯ್ದರು, ಸಂಜೆ ಕೈ ಹಿಡಿದು ಅಂಗಳದಲ್ಲಿ ನಡೆಸಿದರು. ಕನ್ನಡವನ್ನು ಅಪ್ಪನಿಂದಲೇ ಕಲಿತರು, ಹಾಗಾಗಿ ಲಕ್ವಾದ ತೊದಲೂ ಅವರ ಉಚ್ಚಾರದಲ್ಲಿ ಸ್ವಲ್ಪ ಸೇರಿಕೊಂಡಿತು. ದುಡಿಯುತ್ತಿದ್ದವಳು ನಾನೊಬ್ಬಳೇ. ಹಣದ ಬಿಗಿಯನ್ನು ಹೇಗೋ ತಡೆದುಕೊಂಡೆವು. ಬೆಳಗ್ಗೆ ಒಂಬತ್ತಕ್ಕೆ ಶಾಲೆಯ ಮಕ್ಕಳು ಮನೆಯ ಮುಂದೆ ಹಾದುಹೋಗುವಾಗ ಇವರು ಒಳಗಿನ ಕೋಣೆಗೆ ಹೋಗಿಬಿಡುತ್ತಿದ್ದರಲ್ಲ, ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು. "ಅಳಿಯಂದ್ರು ಏನ್ ಮಾಡ್ತಾರ್ರಿ?" ಎಂದು ಓಣಿಯವರು ಕೇಳುತ್ತಿದ್ದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಆದರೂ ನನಗೆ ಉತ್ತರ ಹೊಳೆಯುತ್ತಿರಲಿಲ್ಲ.

ಸಂಗಾತಿಯನ್ನು ಇರಲು ಬಿಟ್ಟು ದುಡಿಯಲು ಬಿಡದಿರುವುದು ಭಾರತ ಮಾತ್ರ ಮಾಡುವ ಕೆಲಸವೂ ಅಲ್ಲ. ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕ, ಕರ್ನಾಟಕ ವಿಶ್ವವಿದ್ಯಾಲಯದ ಎಂಎಸ್ಸಿ ಪದವೀಧರೆ, ಕೆಲಸದ ವೀಸಾ ಇರುವವರ ಸಂಗಾತಿಗೆ ಅಮೆರಿಕ ಕೊಡುವ ಎಚ್-4 ವೀಸಾದ ಮೇಲೆ ವರ್ಷಗಟ್ಟಲೆ ಅಡುಗೆಮನೆಯಲ್ಲಿ ಕಳೆದವಳು. 2015ರ ಮೇ 26ರಿಂದ ಅಮೆರಿಕ ಎಚ್-4ನವರಿಗೆ ದುಡಿಯುವ ಪರವಾನಗಿ ಕೊಡತೊಡಗಿತು, ಅದೂ ಗಂಡ ಅಥವಾ ಹೆಂಡತಿಯ ಗ್ರೀನ್‌ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ. ನಮ್ಮ ಮನೆಯವರ ಗೋಳನ್ನು ಫೋನಿನಲ್ಲಿ ಹೇಳಿದಾಗ ಅಕ್ಕ ಸಮಾಧಾನದ ಮಾತು ಆಡಲಿಲ್ಲ, ಸುಮ್ಮನೆ ಅತ್ತಳು. ಮದುವೆ ನೋಂದಣಿಯ ಪ್ರತಿ ನೋಡಿ ಮನೆಯಲ್ಲಿರಲು ಅಪ್ಪಣೆ ಕೊಡುವ ಸರಕಾರ ಅದೇ ಪ್ರತಿ ನೋಡಿ ದುಡಿಯಲೂ ಅಪ್ಪಣೆ ಕೊಡಬೇಕು. ಈ ಮಾತನ್ನು ಎರಡೂ ದೇಶಗಳಿಗೆ ಹೇಳುತ್ತಿದ್ದೇನೆ.

ಕೊನೆಗೆ ಒಸಿಐ ಕಾರ್ಡು, ಅಂದರೆ ಸಾಗರೋತ್ತರ ಭಾರತೀಯ ನಾಗರಿಕರ ಕಾರ್ಡು, ನಮ್ಮನ್ನು ಬಿಡಿಸಿತು. ಭಾರತೀಯರ ಗಂಡ ಅಥವಾ ಹೆಂಡತಿಗೆ ಅದು ಸಿಗಬೇಕಾದರೆ ಮದುವೆ ನೋಂದಣಿಯಾಗಿ ಎರಡು ವರ್ಷ ಸತತವಾಗಿ ನಡೆದಿರಬೇಕು, ಭದ್ರತಾ ತನಿಖೆಯೂ ಆಗಬೇಕು. ಅವಧಿ ತುಂಬಿದ ಕೂಡಲೇ ಅರ್ಜಿ ಹಾಕಿದೆವು, ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿಬಂದೆವು, ಕಾದೆವು. 2018ರಲ್ಲಿ ಕಾರ್ಡು ಬಂತು. ಮತದಾನವಿಲ್ಲ, ಸರಕಾರಿ ನೌಕರಿಯಿಲ್ಲ, ಹೊಲ ಕೊಳ್ಳುವಂತಿಲ್ಲ, ಮದುವೆ ಮುರಿದರೆ ಕಾರ್ಡೂ ಹೋಗುತ್ತದೆ. ಆದರೆ ಖಾಸಗಿ ಶಾಲೆಯಲ್ಲಿ ಕಲಿಸಲು ಅಡ್ಡಿಯಿಲ್ಲ. ಆ ಜೂನ್‌ನಲ್ಲಿ ಇವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟಾಗ ಅಪ್ಪ ಬಾಗಿಲ ತನಕ ನಡೆದುಬಂದರು.

ಕಾರ್ಡಿನ ಮೇಲೆ ಜೀವಮಾನದ ವೀಸಾ ಎಂದಿರುತ್ತದೆ. ಅದನ್ನು ನಂಬಿ 2020ರ ಫೆಬ್ರುವರಿಯಲ್ಲಿ, ಅವರ ತಾಯಿಗೆ ಆಪರೇಷನ್ ಎಂದು, ಓಹಿಯೋಕ್ಕೆ ಹೋದರು. ಕೋವಿಡ್ ಹರಡಿತೆಂದು ಮಾರ್ಚ್ 13ರಿಂದ ಭಾರತ ವೀಸಾಗಳನ್ನು ತಡೆಹಿಡಿಯಿತು, ಜೊತೆಗೆ ಒಸಿಐ ಇದ್ದವರ ವೀಸಾರಹಿತ ಪ್ರವೇಶವನ್ನೂ. ಆಮೇಲೆ ವಿಮಾನಗಳೇ ನಿಂತವು. ಏಪ್ರಿಲ್‌ನಲ್ಲಿ ಅಪ್ಪ ತೀರಿಕೊಂಡರು. ಅಂತ್ಯಕ್ರಿಯೆಗೆ ಇಪ್ಪತ್ತು ಜನರಿಗಿಂತ ಹೆಚ್ಚು ಸೇರುವಂತಿಲ್ಲ ಎಂಬ ಕಾಲ, ನಮ್ಮಲ್ಲಿ ಅಷ್ಟೂ ಜನ ಇರಲಿಲ್ಲ. ನಾಲ್ಕು ವರ್ಷ ಮಗನಂತೆ ಸೇವೆ ಮಾಡಿದವರು ಹೆಗಲು ಕೊಡಲು ಇರಲಿಲ್ಲ. ಅಲ್ಲಿ ಮಧ್ಯರಾತ್ರಿ ಎದ್ದು ಕೂತಿದ್ದರು. ಮೇ 22ರಂದು ಗೃಹ ಸಚಿವಾಲಯ ಕೆಲವು ಒಸಿಐ ಕಾರ್ಡುದಾರರಿಗೆ ಪ್ರವೇಶ ತೆರೆಯಿತು. ಕುಟುಂಬದಲ್ಲಿ ಸಾವಿನಂಥ ತುರ್ತು ಇರುವವರು, ದಂಪತಿಯಲ್ಲಿ ಒಬ್ಬರು ಭಾರತೀಯರಾಗಿದ್ದು ಇಲ್ಲಿ ಕಾಯಂ ಮನೆ ಇರುವವರು. ಎರಡೂ ನಮಗೆ ಹೊಂದುತ್ತಿದ್ದವು, ಒಂದು ತಿಂಗಳು ತಡವಾಗಿ. ಹೊರದೇಶಗಳಲ್ಲಿ ಸಿಕ್ಕಿಬಿದ್ದವರನ್ನು ಕರೆತರುತ್ತಿದ್ದ ವಂದೇ ಭಾರತ್ ವಿಮಾನದಲ್ಲಿ ಸೀಟು ಸಿಕ್ಕಿ, ಬೆಂಗಳೂರಿನ ಹೋಟೆಲಿನಲ್ಲಿ ಏಳು ದಿನ ಕ್ವಾರಂಟೈನ್ ಮುಗಿಸಿ ಅವರು ಮನೆ ಮುಟ್ಟಿದಾಗ ಅಪ್ಪನ ಮಂಚವನ್ನು ನಾನು ಇನ್ನೂ ತೆಗೆಸಿರಲಿಲ್ಲ. ಅವರೇ ತೆಗೆಯಲಿ ಎಂದು ಬಿಟ್ಟಿದ್ದೆ.

ಭಾರತೀಯರನ್ನು ಮದುವೆಯಾಗಿ ಏಳು ವರ್ಷ ಇಲ್ಲಿ ವಾಸವಿದ್ದವರು ಪೌರತ್ವಕ್ಕೆ ಅರ್ಜಿ ಹಾಕಬಹುದು. ಆದರೆ ನಮ್ಮಲ್ಲಿ ಎರಡು ಪೌರತ್ವ ಇಟ್ಟುಕೊಳ್ಳುವಂತಿಲ್ಲ, ಅಮೆರಿಕದ್ದನ್ನು ಬಿಡಬೇಕು. ಬಿಟ್ಟರೆ ತಾಯಿಯನ್ನು ನೋಡಲು ಅವರು ವೀಸಾದ ಸಾಲಿನಲ್ಲಿ ನಿಲ್ಲಬೇಕು. ಅತ್ತೆಗೆ ಈಗ ಎಂಬತ್ತು ದಾಟಿದೆ. ಅವರು ಇರುವ ತನಕ ಅರ್ಜಿ ಬೇಡ ಎಂದು ಇಬ್ಬರೂ ಕೂತು ತೀರ್ಮಾನಿಸಿದ್ದೇವೆ.