ಬನ್ನಿಯಿಂದ ಸೀಗೆ ಹುಣ್ಣಿಮೆಯವರೆಗೆ

೨೦೨೪ರ ಅಕ್ಟೋಬರ್ ೧೨ ವಿಜಯದಶಮಿ. ಐನಾಪುರದ ಸೀಮೆಯ ಜನ ಬನ್ನಿ ಕೊಟ್ಟು ಬಂಗಾರವೆಂದು ಹರಸುವ ಆ ಸಂಜೆ, ಪಡುವಣ ಬಾನಂಚಿಗೆ ಧೂಮಕೇತುವೊಂದು ಬಂದಿತ್ತು. ಚೀನದ ವೀಕ್ಷಣಾಲಯವೊಂದೂ ದಕ್ಷಿಣ ಆಫ್ರಿಕದ ದೂರದರ್ಶಕವೊಂದೂ ಅದನ್ನು ೨೦೨೩ರಲ್ಲಿ ಕಂಡುಹಿಡಿದಿದ್ದರಿಂದ ಅದಕ್ಕೆ ತ್ಸುಚಿನ್‌ಶಾನ್–ಅಟ್ಲಾಸ್ ಎಂಬ ಜೋಡು ಹೆಸರು. ಅಂದು ಅದು ಭೂಮಿಗೆ ಅತಿ ಸಮೀಪದಲ್ಲಿತ್ತು. ಸಮೀಪವೆಂದರೂ ಸುಮಾರು ಏಳು ಕೋಟಿ ಕಿಲೋಮೀಟರು!

ಚಿತ್ರ ತೆಗೆಯಬಯಸುವ ಹವ್ಯಾಸಿಗೆ ಪಂಚಾಂಗವೇ ಅಡ್ಡಿಯಾಯಿತು. ದಶಮಿಯಂದು ಧೂಮಕೇತು ಸಂಜೆಗೆಂಪಿನಲ್ಲಿ ಮುಳುಗಿದ್ದಿತು. ದಿನದಿನಕ್ಕೆ ಅದು ಮೇಲೇರಿದಂತೆ ಚಂದ್ರನೂ ಬೆಳೆದ. ೧೭ರಂದು ಸೀಗೆ ಹುಣ್ಣಿಮೆ. ಒಕ್ಕಲ ಮನೆಗಳವರು ಹೊಲಕ್ಕೆ ಹೋಗಿ ಚರಗ ಚೆಲ್ಲುವ ಹಬ್ಬ. ಮಕ್ಕಳಿಗೆ ಪ್ರಿಯವಾದ ಆ ಬೆಳದಿಂಗಳೇ ಧೂಮಕೇತುವಿನ ತೆಳುವಾದ ಬಾಲವನ್ನು ಅಳಿಸಿಹಾಕುವ ವೈರಿ. ೨೦ರ ಹೊತ್ತಿಗೆ ಚಂದ್ರೋದಯ ರಾತ್ರಿ ಎಂಟರ ಆಚೆಗೆ ಸರಿದು ಕತ್ತಲೆಯೇನೋ ದೊರಕಿತು. ಅಷ್ಟರಲ್ಲಿ ಅತಿಥಿ ದೂರ ಸರಿದು ಮಂಕಾಗತೊಡಗಿದ್ದ. ನಡುವೆ ಒಂದು ಸಂಜೆ ಮುಗಿಲು ಕವಿದರೆ ಕೇಳುವವರಾರು?

ಇನ್ನೊಂದು ಕಷ್ಟ ಯಂತ್ರದ್ದು. ಭೂಮಿ ತಿರುಗುವುದರಿಂದ ನಕ್ಷತ್ರಗಳು ಪಡುವಣಕ್ಕೆ ಜರುಗುತ್ತವೆ. ಅವುಗಳ ಬೆನ್ನು ಹತ್ತಿ ದೂರದರ್ಶಕವನ್ನು ಮೆಲ್ಲಗೆ ತಿರುಗಿಸುವ ಮೋಟಾರು ಇರುತ್ತದೆ. ಆದರೆ ಧೂಮಕೇತುವಿಗೆ ತನ್ನದೇ ನಡೆ. ಆ ವಾರ ಅದು ಗಂಟೆಯೊಂದಕ್ಕೆ ಚಂದ್ರಬಿಂಬದ ಅರ್ಧದಷ್ಟು ದೂರ ನಕ್ಷತ್ರಗಳ ನಡುವೆ ಸರಿಯುತ್ತಿತ್ತು. ತಾರೆಗಳನ್ನು ಹಿಂಬಾಲಿಸಿದರೆ ಧೂಮಕೇತು ಕಲಸಿಹೋಗುತ್ತದೆ. ಧೂಮಕೇತುವನ್ನು ಹಿಂಬಾಲಿಸಿದರೆ ತಾರೆಗಳು ಗೆರೆಗಳಾಗುತ್ತವೆ. ಈಗಿನವರು ಕೆಲವೇ ಸೆಕೆಂಡುಗಳ ಹತ್ತಾರು ಚಿತ್ರಗಳನ್ನು ತೆಗೆದು ಗಣಕಯಂತ್ರದಲ್ಲಿ ಒಂದರ ಮೇಲೊಂದು ಕೂಡಿಸುತ್ತಾರೆ. ಗಾಜಿನ ಫಲಕದ ಕಾಲದಲ್ಲಿ ಆ ಸೌಕರ್ಯವಿರಲಿಲ್ಲ. ಮುಂದೆ ಬೆಂಗಳೂರಿನ ಖಭೌತ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ವೈನು ಬಪ್ಪು ಅವರು, ಹಾರ್ವರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, ೧೯೪೯ರ ಜುಲೈ ೨ರಂದು ಹೊಸ ಧೂಮಕೇತುವೊಂದನ್ನು ಗುರುತಿಸಿದ್ದು ಅಂತಹ ಫಲಕದ ಮೇಲೆಯೇ. ಅದಕ್ಕೆ ಬಪ್ಪು–ಬಾಕ್–ನ್ಯೂಕರ್ಕ್ ಎಂಬ ಹೆಸರು ನಿಂತಿತು.

ಕೃಷ್ಣೆಯ ಬಯಲಲ್ಲಿ ಅಕ್ಟೋಬರಿನ ಕಬ್ಬು ಆಳೆತ್ತರ ಮೀರಿರುತ್ತದೆ. ಪಡುವಣದ ಅಂಚು ಕಾಣಬೇಕಾದರೆ ತೆರೆದ ಜಾಗವನ್ನು ಹಗಲಲ್ಲೇ ಹುಡುಕಿಡಬೇಕು. ಸೂರ್ಯ ಮುಳುಗಿ ಮುಕ್ಕಾಲು ಗಂಟೆ ಕಳೆದಮೇಲೆ ಮೊದಲು ಬರಿಗಣ್ಣಿಗೆ ಏನೂ ಕಾಣದು. ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಮಾತ್ರ, ಮೇಲ್ಮುಖವಾದ ಒಂದು ಬಿಳಿಯ ಗೀರು ಮೂಡಿರುತ್ತದೆ.