ಹೇಳುವ ಬಾಯಿ ಎರಡು, ಎಸೆಯುವ ಕೈ ಒಂದು

ದೊಡ್ಡಬಳ್ಳಾಪುರದಿಂದ ನೆಲಮಂಗಲಕ್ಕೆ ಹೋಗುವ ರಸ್ತೆಯಲ್ಲಿ, ಎರಡೂ ಊರುಗಳ ನಡುವೆ ಸಿಗುತ್ತದೆ ಮಧುರೆ. ಹೆಸರು ಕೇಳಿದ ಹೊಸಬರಿಗೆ ತಮಿಳುನಾಡಿನ ಮಧುರೆ ನೆನಪಾಗುವುದು ಸಹಜ. ಆದರೆ ಇಲ್ಲಿ ಮೀನಾಕ್ಷಿಯ ಗೋಪುರವಿಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಈ ಹೋಬಳಿಯನ್ನು ಸುತ್ತಲಿನ ಜನ ಬಲ್ಲದ್ದು ಎರಡು ಕಾರಣಕ್ಕೆ. ಒಂದು, ವಿಶಾಲವಾದ ಮಧುರೆ ಕೆರೆ. ಇನ್ನೊಂದು, ಪಕ್ಕದ ಚಿಕ್ಕಮಧುರೆಯಲ್ಲಿ, ಅಂದರೆ ಕನಸವಾಡಿಯಲ್ಲಿ, ನೆಲೆಸಿರುವ ಶನಿಮಹಾತ್ಮ.

ಶನಿವಾರ ಬಂತೆಂದರೆ ಈ ರಸ್ತೆಯ ಬಸ್ಸುಗಳ ಬಣ್ಣವೇ ಬೇರೆ. ಎಳ್ಳೆಣ್ಣೆಯ ಬಾಟಲಿ, ಕಪ್ಪು ಬಟ್ಟೆಯಲ್ಲಿ ಕಟ್ಟಿದ ಎಳ್ಳಿನ ಪುಟ್ಟ ಗಂಟು, ಹೂವು, ತೆಂಗಿನಕಾಯಿ ಹಿಡಿದವರೇ ಎಲ್ಲ. ಶ್ರಾವಣದ ಶನಿವಾರಗಳಲ್ಲಂತೂ ಕಾಲಿಡಲು ಜಾಗವಿರುವುದಿಲ್ಲ. ಎಳ್ಳುಬತ್ತಿಯ ಹೊಗೆ, ಎಣ್ಣೆಯ ಜಿಡ್ಡು, ಸರತಿಯ ಸಾಲಿನಲ್ಲಿ ಅಳುವ ಮಕ್ಕಳು. ಸಾಡೇಸಾತಿ ಎಂದು ಜೋಯಿಸರು ಹೇಳಿದವರು, ಕೋರ್ಟು ಕಚೇರಿ ಸುತ್ತಿ ಸೋತವರು, ಮದುವೆ ಕೂಡಿಬರದವರು, ಎಲ್ಲರೂ ಇಲ್ಲಿ ಒಂದೇ ಸಾಲು.

ಅಂಥದೊಂದು ಸಾಲಿನಲ್ಲಿ ದೊಡ್ಡಬಳ್ಳಾಪುರದ ಮಗ್ಗದ ಕುಟುಂಬವೊಂದನ್ನು ನೆನೆಸಿಕೊಳ್ಳಿ. ಅಜ್ಜಿ, ಅಪ್ಪ, ಅಮ್ಮ, ಹನ್ನೆರಡು ವರ್ಷದ ಮಗಳು. ಮಗಳ ಸೊಂಟ ನೋಯುತ್ತಿದೆ. ಅಜ್ಜಿಯ ಲೆಕ್ಕದಲ್ಲಿ ಅದು ಶನಿಕಾಟ. ಅಮ್ಮನ ಲೆಕ್ಕದಲ್ಲಿ ಅದು ಕ್ರಿಕೆಟ್ಟು. ಅಪ್ಪನಿಗೆ ಮಾತ್ರ ಯಾವ ಲೆಕ್ಕವೂ ಹತ್ತುತ್ತಿಲ್ಲ.

ಎರಡು ಕಡೆ ಪಾಠ

ಹುಡುಗಿ ವೇಗದ ಬೌಲರ್. ಓಣಿಯಲ್ಲಿ ಹುಡುಗರ ಜೊತೆ ಟೆನಿಸ್ ಚೆಂಡಿನಲ್ಲಿ ಆಡಿ ಕಲಿತವಳು. ಊರಿನ ಶಿಬಿರದಲ್ಲಿ ವಾರಕ್ಕೆ ಮೂರು ಸಂಜೆ ಅಭ್ಯಾಸ. ಕೈ ಚೆನ್ನಾಗಿದೆ ಎಂದು ಯಾರೋ ಹೇಳಿದ ಮೇಲೆ ಶನಿವಾರ, ಭಾನುವಾರ ಬೆಂಗಳೂರಿನ ಇನ್ನೊಂದು ತರಬೇತಿಗೂ ಸೇರಿಸಿದ್ದಾಯಿತು. ತೊಡಕು ಶುರುವಾದದ್ದು ಅಲ್ಲಿಂದ.

ಊರಿನ ಮೇಷ್ಟ್ರು ಹಳೆಯ ಪಾಠದವರು. ಚೆಂಡು ಬಿಡುವ ಮುನ್ನ ಬಲಗಾಲು ಕ್ರೀಸಿಗೆ ಸಮನಾಗಿ ಅಡ್ಡ ಬೀಳಬೇಕು, ಎಡಭುಜ ಬ್ಯಾಟ್ಸ್‌ಮನ್ ಕಡೆ ತಿರುಗಬೇಕು, ಎತ್ತಿದ ಎಡಗೈಯ ಹೊರಗಿನಿಂದ ವಿಕೆಟ್ ನೋಡಬೇಕು ಎನ್ನುತ್ತಾರೆ. ಇದು ಸೈಡ್ ಆನ್. ಬೆಂಗಳೂರಿನ ಕೋಚ್ ಹೇಳುವುದು ತದ್ವಿರುದ್ಧ. ನೇರ ಓಡಿ ಬಾ, ಕಾಲ ಬೆರಳು ಬ್ಯಾಟ್ಸ್‌ಮನ್ ಕಡೆಗಿರಲಿ, ಎದೆ ಎದುರಿಗಿರಲಿ, ಎಡಗೈಯ ಒಳಗಿನಿಂದ ನೋಡು. ಇದು ಫ್ರಂಟ್ ಆನ್.

'ಯಾರ ಮಾತು ಸರಿ ಸರ್?' ಎಂದು ಕೇಳಿದರೆ ಇಬ್ಬರೂ ಒಂದೇ ಉತ್ತರ ಕೊಡುತ್ತಾರೆ: 'ಅವರದು ಬಿಟ್ಟುಬಿಡಿ.'

'ರೀ, ದುಡ್ಡು ಕೊಡೋದೂ ಎರಡು ಕಡೆ, ಬೈಸಿಕೊಳ್ಳೋದೂ ಎರಡು ಕಡೆ. ಒಂದು ಬಿಡಿಸ್ಬಾರದಾ?' ಎನ್ನುವುದು ಅಮ್ಮನ ಪ್ರಶ್ನೆ. ಬಿಡಿಸುವುದಾದರೆ ಯಾವುದನ್ನು? ಅಪ್ಪನ ಬಾಯಿ ಕಟ್ಟುವುದೇ ಇಲ್ಲಿ.

ವಿಕ್ರಮನ ಆಸ್ಥಾನ

ಶನಿಮಹಾತ್ಮೆಯ ಕಥೆ ಕೇಳದವರು ಈ ಸೀಮೆಯಲ್ಲಿ ಕಡಿಮೆ. ವಿಕ್ರಮಾದಿತ್ಯನ ಆಸ್ಥಾನದಲ್ಲಿ ಒಂದು ಚರ್ಚೆ. ನವಗ್ರಹಗಳಲ್ಲಿ ಯಾರು ದೊಡ್ಡವರು? ಒಬ್ಬೊಬ್ಬ ಪಂಡಿತನೂ ಒಂದೊಂದು ಗ್ರಹವನ್ನು ಹೊಗಳುತ್ತಾನೆ. ಎಲ್ಲರ ಮಾತಿನಲ್ಲೂ ಸತ್ಯವಿದೆ. ಶನಿಯ ಸರದಿ ಬಂದಾಗ ರಾಜ ನಕ್ಕುಬಿಡುತ್ತಾನೆ. ಅಲ್ಲಿಂದ ಏಳೂವರೆ ವರ್ಷ ಅವನ ಪಾಡು ಹೇಳತೀರದು. ಕಳ್ಳತನದ ಆರೋಪ ಹೊತ್ತು ಕೈಕಾಲು ಕಳೆದುಕೊಂಡು ಗಾಣಿಗನ ಮನೆಯ ಗಾಣದ ಮೇಲೆ ಕೂರುತ್ತಾನೆ. ಗಮನಿಸಬೇಕಾದ ಸಂಗತಿಯೆಂದರೆ, ವಾದ ಮಾಡಿದ ಪಂಡಿತರಿಗೆ ಏನೂ ಆಗುವುದಿಲ್ಲ. ದಂಡ ತೆತ್ತದ್ದು ವಿಕ್ರಮನ ಮೈ.

ಬೌಲಿಂಗ್ ಪಾಠದ ವಾದದಲ್ಲೂ ಹಾಗೆಯೇ. ಸೈಡ್ ಆನ್ ತಪ್ಪಲ್ಲ. ಆಸ್ಟ್ರೇಲಿಯಾದ ಡೆನಿಸ್ ಲಿಲಿ ಟೆಸ್ಟ್‌ನಲ್ಲಿ 355 ವಿಕೆಟ್ ಪಡೆದದ್ದು ಹಾಗೆ ಎಸೆದೇ. ಫ್ರಂಟ್ ಆನ್ ಕೂಡ ತಪ್ಪಲ್ಲ. ವೆಸ್ಟ್ ಇಂಡೀಸ್‌ನ ಮಾಲ್ಕಂ ಮಾರ್ಷಲ್ 376 ವಿಕೆಟ್ ಪಡೆದದ್ದು ಎದೆ ಎದುರಿಗೆ ಇಟ್ಟುಕೊಂಡೇ. ಅಪಾಯವಿರುವುದು ಎರಡರ ಬೆರಕೆಯಲ್ಲಿ. ಸೊಂಟದ ಕೆಳಗೆ ಒಬ್ಬ ಗುರು, ಸೊಂಟದ ಮೇಲೆ ಇನ್ನೊಬ್ಬ ಗುರು. ಕಾಲು ಮುಂದೆ ನೋಡುತ್ತಿರುವಾಗ ಭುಜ ಪಕ್ಕಕ್ಕೆ ತಿರುಗಿದರೆ, ಮುಂಗಾಲು ನೆಲಕ್ಕೆ ಅಪ್ಪಳಿಸುವ ಕ್ಷಣದಲ್ಲಿ ಬೆನ್ನಿನ ಕೆಳಭಾಗ ಒದ್ದೆ ಬಟ್ಟೆ ಹಿಂಡಿದಂತೆ ತಿರುಚುತ್ತದೆ. ಮೈತೂಕದ ಹಲವು ಪಟ್ಟು ಭಾರ ಬೀಳುವುದೂ ಆ ಕ್ಷಣದಲ್ಲೇ. ಈ ಬೆರಕೆ ಶೈಲಿಗೂ ಬೆನ್ನುಮೂಳೆಯಲ್ಲಿ ಕೂದಲೆಳೆಯ ಬಿರುಕು ಬೀಳುವುದಕ್ಕೂ ನಂಟಿರುವುದನ್ನು ಆಸ್ಟ್ರೇಲಿಯಾದ ಸಂಶೋಧಕರು 1980ರ ದಶಕದಿಂದಲೇ ತೋರಿಸುತ್ತ ಬಂದಿದ್ದಾರೆ.

ಈ ಬಿರುಕು ದೊಡ್ಡವರನ್ನೂ ಬಿಟ್ಟಿಲ್ಲ. ಲಿಲಿಯೇ 1973ರಲ್ಲಿ ಬೆನ್ನು ಮುರಿದುಕೊಂಡು, ಮತ್ತೆ ಮೊದಲಿನಿಂದ ಶೈಲಿ ಕಟ್ಟಿಕೊಂಡವರು. ಬೆಂಗಳೂರಿನ ಪ್ರಸಿದ್ಧ ಕೃಷ್ಣ ಇದೇ ತೊಂದರೆಗೆ 2023ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಪಕ್ವವಾದ ಮೂಳೆಯ ಕಥೆಯೇ ಹೀಗಾದರೆ ಬೆಳೆಯುವ ಮೂಳೆಯ ಗತಿಯೇನು?

ಲೆಕ್ಕ ಇಡುವವರು ಯಾರು?

ಇನ್ನೊಂದು ಸಂಗತಿ ಇಬ್ಬರು ಕೋಚ್‌ಗಳ ಕಣ್ಣಿಗೂ ಬೀಳುವುದಿಲ್ಲ. ಊರಿನ ಶಿಬಿರದಲ್ಲಿ ಸಂಜೆಗೆ ಎಂಟು ಓವರ್ ಎಂದರೆ ಮೂರು ಸಂಜೆಗೆ 24 ಓವರ್. ಬೆಂಗಳೂರಿನಲ್ಲಿ ದಿನಕ್ಕೆ ಹತ್ತರಂತೆ 20. ಒಟ್ಟು 44 ಓವರ್, ಅಂದರೆ 264 ಎಸೆತ. ಓಣಿಯ ಟೆನಿಸ್ ಚೆಂಡಿನ ಲೆಕ್ಕ ಇದರಲ್ಲಿ ಸೇರಿಲ್ಲ. ಆ ಮೇಷ್ಟ್ರು ತಮ್ಮ 24 ಮಾತ್ರ ನೋಡುತ್ತಾರೆ, ಈ ಕೋಚ್ ತಮ್ಮ 20 ಮಾತ್ರ. ಇಬ್ಬರಿಗೂ ಮಗು ಹೆಚ್ಚು ಎಸೆಯುತ್ತಿದೆ ಅನ್ನಿಸುವುದೇ ಇಲ್ಲ.

ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಎಳೆಯ ವೇಗದ ಬೌಲರುಗಳಿಗೆ ಮಿತಿ ಹಾಕಿಟ್ಟಿದೆ. ಅದು ವರ್ಷಗಳಿಂದ ಹೇಳುತ್ತ ಬಂದಂತೆ, 13ರೊಳಗಿನವರಿಗೆ ಒಂದು ಸರದಿಗೆ 5 ಓವರ್, ದಿನಕ್ಕೆ 10. ಸತತ ಎರಡು ದಿನಕ್ಕಿಂತ ಹೆಚ್ಚು ಬೇಡ, ವಾರದಲ್ಲಿ ನಾಲ್ಕು ದಿನ ಮೀರುವುದು ಬೇಡ. ಈ ಹುಡುಗಿ ಐದು ದಿನ ಎಸೆಯುತ್ತಾಳೆ. ಯಾವ ಒಬ್ಬ ಕೋಚ್ ಕೂಡ ನಿಯಮ ಮುರಿದಿಲ್ಲ. ಆದರೂ ನಿಯಮ ಮುರಿದಿದೆ!

ಇದು ಕ್ರಿಕೆಟ್ಟಿನ ಪಾಡು ಮಾತ್ರವಲ್ಲ. 1887ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಹುಟ್ಟಿದ ಸಾಫ್ಟ್‌ಬಾಲ್ ನಮ್ಮ ಶಾಲಾ ಕ್ರೀಡಾಕೂಟಗಳಲ್ಲೂ ಉಂಟು. ಅದರಲ್ಲಿ ಪಿಚರ್ ತೋಳನ್ನು ಗಾಳಿಯಂತ್ರದ ರೆಕ್ಕೆಯಂತೆ ಒಂದು ಸುತ್ತು ತಿರುಗಿಸಿ, ಸೊಂಟದ ಬಳಿ ಕೆಳಗಿನಿಂದ ಚೆಂಡು ಬಿಡಬೇಕು. ಮಹಿಳೆಯರ ಆಟದಲ್ಲಿ ನಡುವಿನ ದೂರ ಬರೀ 43 ಅಡಿ. ಚೆಂಡು ಬಿಟ್ಟ ಮೇಲೆ ಮೊಣಕೈ ಮೇಲೆತ್ತಿ ಮುಗಿಸಬೇಕೆಂದು ಕೆಲವು ಕೋಚ್‌ಗಳು. ಮುಂದೋಳು ಸೊಂಟಕ್ಕೆ ಸವರಿ ತಾನಾಗಿ ತಿರುಗಲು ಬಿಡಬೇಕೆಂದು ಇನ್ನು ಕೆಲವರು. ಕೆಳಗಿನಿಂದ ಎಸೆದರೆ ಭುಜಕ್ಕೆ ತೊಂದರೆಯಿಲ್ಲ ಎಂಬ ನಂಬಿಕೆಯೂ ಅಲ್ಲಿ ಬಹುಕಾಲ ಇತ್ತು. ಸಂಶೋಧನೆ ಅದನ್ನು ಒಪ್ಪಿಲ್ಲ. ಅಲ್ಲಿನ ಅಪ್ಪ ಅಮ್ಮಂದಿರೂ ಹೀಗೆಯೇ ಇಬ್ಬರು ಗುರುಗಳ ನಡುವೆ ತಲೆ ಕೆರೆದುಕೊಳ್ಳುತ್ತಾರೆ.

ಕೆರೆಯಂಗಳದ ಪಾಠಶಾಲೆ

ಎಳ್ಳುಬತ್ತಿ ಹಚ್ಚಿ, ತೀರ್ಥ ತೆಗೆದುಕೊಂಡು ಹೊರಬಂದವರು ಸ್ವಲ್ಪ ಹೊತ್ತು ಕೆರೆಯ ಕಡೆ ಹೋಗುವುದುಂಟು. ಅರ್ಕಾವತಿ ಸೀಮೆಯ ಕೆರೆ ಇದು. ಒಳ್ಳೆ ಮಳೆಯಾದ ವರ್ಷ ಕಣ್ಣಿಗೆ ಹಬ್ಬ. ನೀರು ಹಿಂದೆ ಸರಿದ ಬೇಸಿಗೆಯಲ್ಲಿ ಅಂಗಳದ ಅಂಚು ಹುಡುಗರ ಪಾಲಿಗೆ ಮೈದಾನ. ಸುಗ್ಗಿ ಮುಗಿದ ಮೇಲೆ ರಾಗಿ ಹೊಲದ ಕೂಳೆ ಸವರಿ ಅಲ್ಲೂ ಮೂರು ಕೋಲು ನೆಟ್ಟುಬಿಡುತ್ತಾರೆ. ಇಲ್ಲಿ ಕೋಚ್ ಇಲ್ಲ. ಒಬ್ಬ ಕವಣೆ ಬೀಸಿದಂತೆ ಎಸೆಯುತ್ತಾನೆ, ಇನ್ನೊಬ್ಬ ಮಾವಿನಕಾಯಿಗೆ ಕಲ್ಲು ಹೊಡೆದಂತೆ.

ಕೋಚ್ ಇಲ್ಲದಿರುವುದೇ ಮೇಲು ಎಂದು ಹೇಳಲಾಗದು. ಆದರೂ ಕರ್ನಾಟಕದ ಬೌಲಿಂಗ್ ಚರಿತ್ರೆ ತೆರೆದರೆ, ಪುಸ್ತಕದ ಮಾದರಿಗೆ ಹೊಂದದ ಕೈಗಳೇ ಸಾಲುಗಟ್ಟಿ ನಿಂತಿವೆ. ಮೈಸೂರಿನ ಬಿ.ಎಸ್. ಚಂದ್ರಶೇಖರ್ ಅವರ ಬಲಗೈ ಬಾಲ್ಯದ ಪೋಲಿಯೋದಿಂದ ಸೊರಗಿತ್ತು. ಆ ಕೈಯಿಂದಲೇ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಬಂದವು. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡ್ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವಿಗೆ ಕಾರಣವಾದದ್ದೂ ಆ ಕೈಯೇ. ಅನಿಲ್ ಕುಂಬ್ಳೆ ಮೊದಲು ಮಧ್ಯಮ ವೇಗಿ. ಅಣ್ಣನ ಮಾತಿನಂತೆ ಲೆಗ್ ಸ್ಪಿನ್‌ಗೆ ಬಂದವರು. ಚೆಂಡು ಸಾಲದಷ್ಟು ತಿರುಗುವುದಿಲ್ಲ ಎಂದವರ ಎದುರೇ 619 ವಿಕೆಟ್ ಪಡೆದರು. ಅಭಿಮನ್ಯು ಮಿಥುನ್ 17 ವರ್ಷದವರೆಗೆ ಚರ್ಮದ ಚೆಂಡಿನಲ್ಲಿ ಬೌಲ್ ಮಾಡಿದವರೇ ಅಲ್ಲ. ಹೆಣ್ಣುಮಕ್ಕಳಿಗೂ ಇಲ್ಲಿ ದಾರಿ ಹೊಸದಲ್ಲ. 1976ರಲ್ಲಿ ಭಾರತದ ಮಹಿಳೆಯರು ಬೆಂಗಳೂರಿನಲ್ಲಿ ಮೊದಲ ಟೆಸ್ಟ್ ಆಡಿದಾಗ ನಾಯಕಿ ನಮ್ಮ ಶಾಂತಾ ರಂಗಸ್ವಾಮಿ.

ಈಗಂತೂ ದೊಡ್ಡ ಕ್ರಿಕೆಟ್ ಈ ಸೀಮೆಯ ಬಾಗಿಲಿಗೇ ಬಂದಿದೆ. ನೆಲಮಂಗಲದ ದಿಕ್ಕಿನಲ್ಲಿ ಆಲೂರಿನಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈದಾನಗಳಿವೆ. ವಿಮಾನ ನಿಲ್ದಾಣದ ಕಡೆ ಭಾರತ ಕ್ರಿಕೆಟ್ ಮಂಡಳಿಯ ಹೊಸ ತರಬೇತಿ ಕೇಂದ್ರ 2024ರ ಸೆಪ್ಟೆಂಬರ್‌ನಲ್ಲಿ ತೆರೆಯಿತು. ಮಗ್ಗದ ಸದ್ದಿನ ನಡುವೆ ಬೆಳೆದ ಮಗುವಿಗೂ ಕನಸು ಕೈಗೆಟಕುವಷ್ಟು ಹತ್ತಿರ. ಅಪ್ಪ ಎರಡು ಕಡೆ ದುಡ್ಡು ಕಟ್ಟುವುದು ಆ ಕನಸಿಗೇ ಹೊರತು ಹುಚ್ಚಿಗಲ್ಲ.

ಒಂದೇ ಸೀರೆ, ಎರಡು ಕೈ

ನೇಕಾರನಿಗೆ ತಿಳಿದ ಸತ್ಯವೊಂದಿದೆ. ಇಬ್ಬರು ನೇಕಾರರೂ ನಿಪುಣರೇ ಇರಬಹುದು. ಆದರೆ ಒಂದೇ ಸೀರೆಯ ನಡುವೆ ಕೈ ಬದಲಾದರೆ ನೇಯ್ಗೆಯಲ್ಲಿ ಗೆರೆ ಬೀಳುತ್ತದೆ. ಯಾರ ಕೈ ಮೇಲು ಎಂಬುದು ಆಮೇಲಿನ ಮಾತು. ಈ ಸೀರೆ ಮುಗಿಯುವವರೆಗೆ ಒಂದೇ ಕೈ ಇರಲಿ ಎನ್ನುವುದು ಮಗ್ಗದ ಬುದ್ಧಿ.

ಹಾಗೆ ನೋಡಿದರೆ ಹೆತ್ತವರು ಸೈಡ್ ಆನ್, ಫ್ರಂಟ್ ಆನ್ ಪಂಡಿತರಾಗಬೇಕಿಲ್ಲ. ಅವರಿಗಷ್ಟೇ ಸಾಧ್ಯವಾದ ಕೆಲಸಗಳು ಬೇರೆ ಇವೆ. ವಾರದ ಎಸೆತಗಳನ್ನೆಲ್ಲ ಒಂದೇ ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಒಂದು ಋತುವಿಗೆ ಒಬ್ಬರೇ ಬೌಲಿಂಗ್ ಗುರು ಎಂದು ತೀರ್ಮಾನಿಸಿ, ಇನ್ನೊಬ್ಬರಿಗೆ 'ಬ್ಯಾಟಿಂಗ್, ಫೀಲ್ಡಿಂಗ್ ಕಲಿಸಿ ಸರ್' ಎಂದು ವಿನಯದಿಂದಲೇ ಹೇಳುವುದು. ಮಗುವಿಗೆ ಸಹಜವಾಗಿ ಬರುವ ಶೈಲಿ ಯಾವುದೆಂದು ನೋಡಿ, ಅದನ್ನು ಕೆಡಿಸದೆ ತಿದ್ದುವವರನ್ನು ಆರಿಸುವುದು. ಹಿಂದಕ್ಕೆ ಬಾಗಿದಾಗ ಸೊಂಟದ ಒಂದು ಪಕ್ಕದಲ್ಲಿ ನೋವೆಂದರೆ ಎಣ್ಣೆ ತಿಕ್ಕಿ ಮರುದಿನ ಮತ್ತೆ ಕಳುಹಿಸದೆ, ಬೌಲಿಂಗ್ ನಿಲ್ಲಿಸಿ ಮೂಳೆ ವೈದ್ಯರ ಬಳಿ ಹೋಗುವುದು. ಬಿರುಕು ಬಿದ್ದಿದ್ದರೆ ಕೆಲವು ತಿಂಗಳ ವಿಶ್ರಾಂತಿ ಬೇಕು. ಹನ್ನೆರಡರ ಹುಡುಗಿಗೆ ಆ ತಿಂಗಳುಗಳು ಏನೂ ಅಲ್ಲ. ಹಟ ಹಿಡಿದು ಎಸೆದರೆ ಕಳೆದುಹೋಗುವುದು ಇಡೀ ಆಟ.

ಮಧುರೆಯ ಶನಿವಾರದ ಇಳಿಹೊತ್ತಿನಲ್ಲಿ ಕೆರೆಯಂಗಳದ ಆಟ ಇನ್ನೂ ಮುಗಿದಿರುವುದಿಲ್ಲ. 'ಅಕ್ಕಾ, ಒಂದು ಓವರ್ ಹಾಕು ಬಾ' ಎಂದು ಚಿಕ್ಕ ಹುಡುಗರು ಕರೆದರೆ ಯಾವ ಬೌಲರ್ ತಾನೆ ಸುಮ್ಮನಿದ್ದಾಳು? ಅವಳು ಅಪ್ಪನ ಮುಖ ನೋಡುತ್ತಾಳೆ.

'ಇವತ್ತು ಬೇಡ ಮಗಾ. ಡಾಕ್ಟ್ರು ಹೇಳ್ಲಿ, ಆಮೇಲೆ ಹಾಕುವೆಯಂತೆ. ಇವತ್ತು ಅಂಪೈರ್ ಆಗು.'

ಅಜ್ಜಿ ಹಚ್ಚಿದ ದೀಪದ ಫಲವೆಂದು ಮನೆಯವರು ಅದನ್ನು ನಂಬಿದರೂ ನಷ್ಟವಿಲ್ಲ. ಮೂರು ಕೋಲುಗಳ ಹಿಂದೆ ನಿಂತು ಅವಳು ಬೆರಳಿನಲ್ಲಿ ಎಸೆತ ಎಣಿಸುತ್ತಾಳೆ: ಒಂದು, ಎರಡು, ಮೂರು. ದೂರದಲ್ಲಿ, ದೊಡ್ಡಬಳ್ಳಾಪುರದ ಬಸ್ಸು ಬರುವವರೆಗೂ, ಅಪ್ಪನೂ ಎಣಿಸುತ್ತಾನೆ.